ಪೋರ್ಟ್‌ಫೋಲಿಯೊಗೆ ಸೇರಿದ ಅಪ್ಪೆಮಿಡಿ ಬಾಟಲಿ

ವಿನ್ಯಾಸದ ಕೆಲಸಕ್ಕೆ ಅರ್ಜಿ ಹಾಕಲೆಂದು ನಾನು ಮೊದಲ ಸಲ ಜೋಡಿಸಿದ ಪೋರ್ಟ್‌ಫೋಲಿಯೊದಲ್ಲಿ 23 ಕೆಲಸಗಳಿದ್ದವು. ಮದುವೆಯ ಕರೆಯೋಲೆ, ಯಕ್ಷಗಾನದ ಪೋಸ್ಟರ್, ಸೊಸೈಟಿಯ ಕ್ಯಾಲೆಂಡರ್ ಎಂದು ಶಿರಸಿಯಲ್ಲಿ ಕುಳಿತು ಐದು ವರ್ಷ ಮಾಡಿದ್ದೆಲ್ಲವನ್ನೂ ಅದರಲ್ಲಿ ತುಂಬಿದ್ದೆ. ಬೆಂಗಳೂರಿನ ಹಲವು ಸ್ಟುಡಿಯೊಗಳಿಗೆ ಕಳುಹಿಸಿದ ಮೇಲೆ ಒಂದರಿಂದ ಮಾತ್ರ ಉತ್ತರ ಬಂತು: ಕೆಲಸ ಅಚ್ಚುಕಟ್ಟಾಗಿದೆ, ಆದರೆ ಇದರಲ್ಲಿ ನೀವು ಏನನ್ನು ಯೋಚಿಸಿ ನಿರ್ಧರಿಸಿದಿರಿ ಎಂಬುದು ಕಾಣುವುದಿಲ್ಲ. ಬೇಸರವಾಯಿತು, ಆದರೆ ಅಲ್ಲಗಳೆಯಲು ಆಗಲಿಲ್ಲ.

ಹಾಗಾಗಿ ಈ ಸಲ ಪ್ರತಿ ಕೆಲಸದ ಮುಂದೆಯೂ 'ಹೀಗೇ ಏಕೆ' ಎಂದು ಬರೆಯಲು ಕುಳಿತೆ, ಬರೆಯಲಾಗದ್ದನ್ನು ತೆಗೆದುಹಾಕಿದೆ. ಮೊದಲು ಹೋದದ್ದು ನನಗೆ ಬಹಳ ಪ್ರಿಯವಾಗಿದ್ದ ಒಂದು ವಿಸಿಟಿಂಗ್ ಕಾರ್ಡು. ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಕಲೆಯಲ್ಲಿ ಕೆಂಪು ಲೇಪವನ್ನು ಕೆರೆದು ಒಳಗಿನ ಸುಣ್ಣದ ಬಿಳುಪನ್ನು ಹೊರತರುತ್ತಾರೆ. ನಾನು ಅದರಲ್ಲಿನ ಒಂದು ಬಳ್ಳಿಯ ಚಿತ್ತಾರವನ್ನು ಅಂದಕ್ಕೆಂದು ಎತ್ತಿಕೊಂಡಿದ್ದೆನೇ ಹೊರತು ಕಾರ್ಡಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಉಳಿದ ನಾಲ್ಕರಲ್ಲಿ ಆರು ಪುಟ ಪಡೆದದ್ದು ಆಯಿ ಮಾರುವ ಉಪ್ಪಿನಕಾಯಿಯ ಲೇಬಲ್. ಅದರ ಮೊದಲ ಪ್ರತಿಯಲ್ಲಿ 'ಅಪ್ಪೆಮಿಡಿ ಉಪ್ಪಿನಕಾಯಿ' ಎಂಬುದನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದರಿಂದ ಹೆಸರು ಬಾಟಲಿಯನ್ನು ಸುತ್ತಿಕೊಂಡು, ಎದುರಿನಿಂದ ನೋಡಿದವರಿಗೆ 'ಮಿಡಿ ಉಪ್ಪಿ' ಎಂದಷ್ಟೇ ಕಾಣುತ್ತಿತ್ತು. ಎರಡು ಸಾಲು ಮಾಡಿದಾಗ ಮೇಲಿನ 'ಪ್ಪೆ'ಯ ಒತ್ತು ನೇರವಾಗಿ ಕೆಳಗಿನ 'ಪ್ಪಿ'ಯ ಗುಡಿಸಿಗೆ ತಾಗಿತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ ಎಂಬುದು ನನಗೆ ಮನದಟ್ಟಾದದ್ದು ಅಲ್ಲಿ. ಅಂತರ ಹೆಚ್ಚಿಸಿ ತೋರಿಸಿದರೆ ಆಯಿ, "ಕೂಸೆ, ರಸ ಇಳಿದರೆ ಈ ಅಕ್ಷರ ಇರ್ತಾ?" ಎಂದು ಕೇಳಿದಳು. ರಸ ತಾಗಿ ಶಾಯಿ ಹರಡಿದ ಆ ಲೇಬಲಿನ ಫೋಟೊವನ್ನೂ, ಅನಂತರ ಲ್ಯಾಮಿನೇಶನ್ ಮಾಡಿಸಿದ್ದನ್ನೂ ಪಕ್ಕಪಕ್ಕದಲ್ಲಿ ಇಟ್ಟಿದ್ದೇನೆ.

ರೆಸ್ಯೂಮೆಯನ್ನು ಒಂದೇ ಪುಟಕ್ಕೆ ಇಳಿಸಿದೆ. ಫೋಟೊಶಾಪ್ ಎಷ್ಟು ಬರುತ್ತದೆ ಎಂದು ತೋರಿಸುವ ಶೇಕಡಾ ಪಟ್ಟಿಗಳನ್ನು ಅಳಿಸಿದೆ, ಏಕೆಂದರೆ ಯಾವುದರ ಶೇಕಡಾ 80 ಎಂದು ನನಗೇ ತಿಳಿದಿರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿದ್ದ ಕನ್ನಡವನ್ನೆಲ್ಲ ಯೂನಿಕೋಡಿಗೆ ತಂದೆ, ಇಲ್ಲವಾದರೆ ಪಿಡಿಎಫ್‌ನಿಂದ ನಕಲು ಮಾಡಿದವರಿಗೆ ಇಂಗ್ಲಿಷ್ ಅಕ್ಷರಗಳ ರಾಶಿ ಸಿಗುತ್ತದೆ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ, ಕನ್ನಡದಂಥ ಲಿಪಿಗಳನ್ನು ಸರಿಯಾಗಿ ಕೂಡಿಸುವ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿದ ಮೇಲೆ ಒಡೆದಿದ್ದ ಒತ್ತಕ್ಷರಗಳೂ ಸರಿಯಾಗಿ ಕೂಡಿಕೊಂಡವು.

ಜೊತೆಗಿನ ಪತ್ರದಲ್ಲಿ ಆ ಸ್ಟುಡಿಯೊದ ಯಾವುದಾದರೂ ಒಂದು ಕೆಲಸವನ್ನು ನಿಜವಾಗಿ ನೋಡಿ ಎರಡು ವಾಕ್ಯ ಬರೆದೆ. ಹೀಗೆ ಬರೆದರೆ ದಿನಕ್ಕೆ ಒಂದು ಅರ್ಜಿಗಿಂತ ಹೆಚ್ಚು ಆಗುವುದಿಲ್ಲ.

ಈವರೆಗೆ ಮೂರು ಕಳುಹಿಸಿದ್ದೇನೆ. ಒಂದು ಕಡೆಯವರು ಮುಂದಿನ ವಾರ ಸಂದರ್ಶನಕ್ಕೆ ಕರೆದು, ಬರುವಾಗ ಆ ಬಾಟಲಿಯನ್ನೂ ತನ್ನಿ ಎಂದಿದ್ದಾರೆ. ಲೇಬಲ್ ನೋಡಲು ಖಾಲಿ ಬಾಟಲಿ ಸಾಕು ಎಂದರೂ ಆಯಿ ಒಪ್ಪದೆ ತುಂಬಿದ್ದನ್ನೇ ಕಟ್ಟಿಟ್ಟಿದ್ದಾಳೆ.