ಚಿಕ್ಕಿ ಅಂತ ಆಯ್ತು

ಅಪ್ಪ ಎರಡನೇ ಮದುವೆಯಾದಾಗ ಅವರನ್ನು ಏನಂತ ಕರೆಯೋದು ಅನ್ನೋದೇ ನಮಗೆ ದೊಡ್ಡ ತಲೆನೋವು. ಅಮ್ಮ ಅನ್ನೋಕೆ ಬಾಯಿ ಬರಲಿಲ್ಲ. ಆಂಟಿ ಅಂದರೆ ಪಕ್ಕದ ಮನೆಯವರನ್ನು ಕರೆದ ಹಾಗೆ. ಚಿಕ್ಕಮ್ಮಂದಿರು ಮೊದಲೇ ಜಾಸ್ತಿ, ಒಬ್ಬರನ್ನು ಕರೆದರೆ ಎಲ್ಲರೂ ತಿರುಗುತ್ತಾರೆ.

ನಮ್ಮ ತೀರ್ಥಹಳ್ಳಿ ಕಡೆ ನೆಂಟರನ್ನು ಊರು ಸೇರಿಸಿ ಕರೆಯೋದು ರೂಢಿ. ಸಾಗರದ ಅತ್ತೆ, ಕೊಪ್ಪದ ಮಾವ, ಹೀಗೆ. ಇವರ ತವರು ಹೊಸನಗರ. ತಮ್ಮ ಸುಮ್ನೆ ಇರದೆ 'ಹೊಸನಗರದಮ್ಮ' ಅಂತ ಶುರು ಮಾಡಿದ. "ಸಾಗರದ ಮಾರಿಕಾಂಬೆಗೆ 3 ವರ್ಷಕ್ಕೊಮ್ಮೆ ಜಾತ್ರೆ ಮಾಡ್ತಾರೆ. ನಂಗೂ ಮಾಡ್ತೀಯೇನೋ?" ಅಂತ ಅವರೇ ಬಿದ್ದು ಬಿದ್ದು ನಕ್ಕರು. ಕೊನೆಗೆ ಎಲ್ಲರ ಬಾಯಲ್ಲಿ ನಿಂತಿದ್ದು ಚಿಕ್ಕಿ.

ಮಲತಾಯಿ ಅಂತ ಮಾತ್ರ ಯಾರೂ ಕರೆಯುವುದಿಲ್ಲ, ಅಲ್ವಾ? ಪಾಪ, ಯಕ್ಷಗಾನಕ್ಕೆ ಹೋದರೆ ಧ್ರುವನನ್ನು ಅಪ್ಪನ ತೊಡೆಯಿಂದ ಇಳಿಸುವ ಸುರುಚಿ, ರಾಮನನ್ನು ಕಾಡಿಗಟ್ಟುವ ಕೈಕೇಯಿ. ಪೇಪರ್ ತೆಗೆದರೆ ಅನುದಾನ ಕೊಡದವರದ್ದೆಲ್ಲ 'ಮಲತಾಯಿ ಧೋರಣೆ'. ರಸ್ತೆ ಗುಂಡಿಗೂ ಈ ಹೆಂಗಸರಿಗೂ ಏನು ಸಂಬಂಧ ಹೇಳಿ!

ನಮ್ಮ ಚಿಕ್ಕಿ ಮಾಡೋ ಅನ್ಯಾಯ ಒಂದೇ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಮುಟ್ಟೋಕೆ ಯಾರನ್ನೂ ಬಿಡುವುದಿಲ್ಲ. ಒದ್ದೆ ಚಮಚ ಹಾಕಿ ಹಾಳು ಮಾಡ್ತೀರಿ ಅಂತ ಬೈಗುಳ ಬೇರೆ.

ಈಗ ಹೊಸ ಸಮಸ್ಯೆ. ನಮ್ಮ ಬಾಯಲ್ಲಿ ಕೇಳಿ ಕೇಳಿ ಅಪ್ಪನೂ ಅವರನ್ನು ಚಿಕ್ಕಿ ಅಂತಲೇ ಕರೆಯುತ್ತಿದ್ದಾರೆ. ನೆಂಟರ ಎದುರಿಗೂ! ಇದನ್ನು ನಿಲ್ಲಿಸೋದು ಹೇಗೆ, ಯಾರಾದರೂ ಹೇಳಿ.