ಟ್ಯಾಂಕ್ ಪ್ರಾಜೆಕ್ಟ್ ಅಪ್‌ಡೇಟ್: ನಾಲ್ಕು ಫೋನ್, ಒಂದೇ ಮ್ಯಾಕ್ ಅಡ್ರೆಸ್

ಕೊನೆಗೂ ಐದೂ ಫೋನ್ ಒಟ್ಟಿಗೆ ಆನ್‌ಲೈನ್ ನಿಂತಿವೆ. ರೂಟರ್ ಪಟ್ಟಿಯಲ್ಲಿ ಐದು ಸಾಲು, ಐದು ಐಪಿ (ರೂಟರ್ ಕೊಡುವ ವಿಳಾಸ), ಐದು ಮ್ಯಾಕ್ (ವೈಫೈ ಚಿಪ್ಪಿನ ಸ್ವಂತ ಗುರುತು ಸಂಖ್ಯೆ). ಅದರಲ್ಲೇನು ಮಹಾ ಅನ್ನಬೇಡಿ. ಇದರ ಹಿಂದೆ 1970ನೇ ಇಸವಿಯ ಕೈವಾಡ ಇದೆ.

ಪ್ರಾಜೆಕ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಬಿಲ್ಡಿಂಗ್‌ನ ಸಂಪ್ ಹತ್ತಿರ ಒಂದು ಹಳೆ ಫೋನ್, ಮೋಟರ್ ಪ್ಯಾನೆಲ್ ಎದುರು ಒಂದು, ನೀರಿನ ಮೀಟರ್ ಎದುರು ಒಂದು, ತಾರಸಿಯ ಎರಡು ಟ್ಯಾಂಕಿಗೆ ಒಂದೊಂದು. ಕ್ಯಾಮೆರಾ ಲೆವೆಲ್ ಟ್ಯೂಬಿನ ಫೋಟೋ ತೆಗೆದು ಮನೆಯ ಸರ್ವರ್‌ಗೆ ಕಳಿಸುತ್ತೆ. ಕಾವೇರಿ ನೀರು ಯಾವಾಗ ಬಂತು, ಎಷ್ಟು ಹೊತ್ತು ಬಂತು, ಟ್ಯಾಂಕರ್ ಹೇಳಬೇಕಾ ಬೇಡವಾ, ಇಷ್ಟು ತಿಳಿದರೆ ಸಾಕು. ಫೋನಿನ ಬೀಗ ತೆಗೆದು ಬೇರೆ ಸಾಫ್ಟ್‌ವೇರ್ ಹಾಕುವ ಅನ್‌ಲಾಕ್, ರಿಕವರಿ, ರೂಟ್ ಕಥೆಯೆಲ್ಲ ಬಿಟ್ಟುಬಿಡುತ್ತೇನೆ. ಐದೂ ಒಂದೇ ಮಾದರಿ, ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ 410 ಚಿಪ್. ಆಂಡ್ರಾಯ್ಡ್ 7.1 ಆಧಾರದ ಕಸ್ಟಮ್ ರಾಮ್ (ROM), ಅಂದರೆ ಫೋನ್ ಕಂಪನಿಯದಲ್ಲದ ಸಾಫ್ಟ್‌ವೇರ್. ಸಿಮ್ ಇಲ್ಲ.

ತೊಂದರೆ ಶುರುವಾಗಿದ್ದು ಎರಡನೇ ಫೋನ್ ಆನ್ ಮಾಡಿದಾಗ. ಒಂದೇ ಇದ್ದಾಗ ರಾತ್ರಿಯಿಡೀ ಫೋಟೋ ಬರುತ್ತಿತ್ತು. ಎರಡನೆಯದು ಸೇರಿದ ಕೂಡಲೇ ಮೊದಲನೆಯದು ಮೌನ. ಅದರ ಪರದೆ ನೋಡಿದರೆ ಸಿಗ್ನಲ್ ಪೂರ್ತಿ, "ಕನೆಕ್ಟೆಡ್" ಅಂತಲೇ ಇದೆ. ಆದರೆ ಪಿಂಗ್ ("ಇದ್ದೀಯಾ" ಅಂತ ಕೇಳುವ ಸಂದೇಶ) ಹೋಗಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದು ತಾನಾಗಿ ಬಿಟ್ಟು ಸೇರಿಕೊಂಡರೆ, ಆಗ ಇನ್ನೊಂದು ಮೌನ.

ಇಂಥದ್ದಕ್ಕೆ ನಾವು ಮೊದಲು ಬೈಯುವುದು ರೂಟರನ್ನೇ ಅಲ್ವಾ. ಅಪಾರ್ಟ್‌ಮೆಂಟ್ ತುಂಬ ವೈಫೈ, 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11 ಮಾತ್ರ. ಚಾನೆಲ್ ಬದಲಾಯಿಸಿದೆ, ಆಂಡ್ರಾಯ್ಡ್‌ನ ನಿದ್ದೆ ವ್ಯವಸ್ಥೆ ಡೋಜ್ ಆಫ್ ಮಾಡಿದೆ, ಪವರ್ ಸೇವ್ ಆಫ್ ಮಾಡಿದೆ. ಏನೂ ಪ್ರಯೋಜನ ಇಲ್ಲ.

ತಾರಸಿಗೆ ಕೇಬಲ್ ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಹಾಕಿದಾಗ ವಿಷಯ ಇನ್ನೂ ವಿಚಿತ್ರ ಆಯಿತು. ಈಗ ಯಾವ ಫೋನೂ ಕಡಿದುಹೋಗುತ್ತಿಲ್ಲ. ಎರಡೂ ಕನೆಕ್ಟ್ ಆಗೇ ಇವೆ, ಆದರೆ ಎರಡರ ಫೋಟೋಗಳೂ ಅರ್ಧಂಬರ್ಧ ಬರುತ್ತಿವೆ. ಐಪಿ ಕನ್‌ಫ್ಲಿಕ್ಟ್ ಇರಬಹುದು ಅಂತ ಎಆರ್‌ಪಿ (ಈ ಐಪಿ ಯಾವ ಮ್ಯಾಕ್‌ನದು ಅನ್ನೋ ಪ್ರಶ್ನೆ) ಕೇಳಿ ನೋಡಿದರೆ ಒಂದೇ ಮ್ಯಾಕ್‌ನಿಂದ ಉತ್ತರ, ಎಲ್ಲಾ ಸುಸೂತ್ರ. ಆ ಉತ್ತರವನ್ನೇ ಸಂಶಯದಿಂದ ನೋಡಬೇಕಿತ್ತು ಅಂತ ಈಗ ಹೇಳಬಹುದು. ಒಂದೇ ಐಪಿಗೆ ಎರಡು ಬೇರೆ ಮ್ಯಾಕ್ ಉತ್ತರ ಕೊಟ್ಟರೆ ಮಾತ್ರ ಇಂಥ ಟೂಲ್‌ಗಳು ಕೂಗುತ್ತವೆ. ಮ್ಯಾಕೂ ಒಂದೇ ಆದರೆ ಕೂಗೋಕೆ ಅವಕ್ಕೆ ಏನಿದೆ?

ಗುಟ್ಟು ಬಿಟ್ಟುಕೊಟ್ಟಿದ್ದು ಡಿಎಚ್‌ಸಿಪಿ ಪಟ್ಟಿ, ಅಂದರೆ ರೂಟರ್ ಯಾರಿಗೆ ಯಾವ ಐಪಿ ಕೊಟ್ಟಿದೆ ಅನ್ನೋ ಪಟ್ಟಿ. ಪ್ರತಿ ಫೋನಿಗೂ ಹೋಸ್ಟ್‌ನೇಮ್ ಇಟ್ಟಿದ್ದೆ: ಸಂಪು, ಮೋಟರು, ಮೀಟರು, ತಾರಸಿ-1, ತಾರಸಿ-2. ಎರಡು ಫೋನ್ ಆನ್ ಇದ್ದರೂ ಪಟ್ಟಿಯಲ್ಲಿ ಒಂದೇ ಸಾಲು. ಪುಟ ರಿಫ್ರೆಶ್ ಮಾಡಿದರೆ "ಸಂಪು". ಇನ್ನೊಂದು ಸಲ ಮಾಡಿದರೆ ಅದೇ ಸಾಲು, ಅದೇ ಐಪಿ, ಹೆಸರು ಮಾತ್ರ "ತಾರಸಿ-1". ಮತ್ತೆ "ಸಂಪು". ನೆಲದಡಿಯ ಸಂಪು ಕ್ಷಣಕ್ಕೊಮ್ಮೆ ತಾರಸಿ ಹತ್ತಿ ಇಳಿಯುತ್ತಿತ್ತು.

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನು ಯಾವುದೋ ಆಪ್ ಹಾಕಿ ನೋಡು ಅಂದ. ನೋಡಿದರೆ ಐದರಲ್ಲೂ 02:00:00:00:00:00. "ಸಿಕ್ತಲ್ಲ ಗುರು, ಎಲ್ಲಾ ಒಂದೇ!" ಅಂತ ಅವನಿಗೆ ಖುಷಿಯೋ ಖುಷಿ. ಅದು ಮುಖವಾಡ ಮಾರಾಯ. ಆಂಡ್ರಾಯ್ಡ್ 6ರಿಂದ ಆಪ್‌ಗಳಿಗೆ ಅಸಲಿ ಮ್ಯಾಕ್ ಕೊಡೋದಿಲ್ಲ, ಈ ಸೊನ್ನೆಗಳನ್ನೇ ಕೊಡುತ್ತೆ. ಅವನ ದಿನಬಳಕೆಯ ಫೋನಲ್ಲೂ ಅದೇ ಬರುತ್ತೆ. ಅಸಲಿ ಬೇಕೆಂದರೆ ಎಡಿಬಿ ಶೆಲ್‌ನಿಂದ (ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ದಾರಿ) ವೈಫೈನ ಡಬ್ಲ್ಯುಲ್ಯಾನ್0 ಫೋಲ್ಡರ್‌ನ ಅಡ್ರೆಸ್ ಫೈಲನ್ನೇ ಓದಬೇಕು. ಓದಿದೆ. ಸಂಪು: 00:0ಎ:ಎಫ್5:89:89:ಎಫ್‌ಎಫ್. ತಾರಸಿ-1: ಅದೇ. ಮೋಟರು, ಮೀಟರು: ಅದೇ. ತಾರಸಿ-2 ಮಾತ್ರ ಬೇರೆ. ಅದು ನನ್ನದೇ ಹಳೆ ಫೋನು, ಡ್ರಾಯರ್‌ನಿಂದ ತೆಗೆದದ್ದು. ಉಳಿದ ನಾಲ್ಕು ಅಂಗಡಿಯವು.

ಈ 00:0ಎ:ಎಫ್5 ಎಲ್ಲಿಂದ ಬಂತು ಅಂತ ಹುಡುಕಿದರೆ ಅದು ಏರ್‌ಗೋ ನೆಟ್‌ವರ್ಕ್ಸ್ ಎಂಬ ಕಂಪನಿಗೆ, ಇಂಥ ನಂಬರು ಹಂಚುವ ಸಂಸ್ಥೆ ಐಇಇಇ ಕೊಟ್ಟದ್ದು. 2006ರಲ್ಲಿ ಏರ್‌ಗೋವನ್ನು ಕ್ವಾಲ್‌ಕಾಮ್ ಕೊಂಡಿತು. ಅವರ ವೈಫೈ ಡ್ರೈವರ್ (ಚಿಪ್ ನಡೆಸುವ ಸಾಫ್ಟ್‌ವೇರ್) ಜೊತೆ ಬರುವ ಐಎನ್‌ಐ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಇಂಟರ್‌ಫೇಸ್ ಸೊನ್ನೆಗೆ ಈ ಅಡ್ರೆಸ್ ಮಾದರಿಯಾಗಿ ಬರೆದಿರುತ್ತೆ. ಡ್ರೈವರ್ ಮೊದಲು ಫೋನಿನ ಸ್ವಂತ ಮ್ಯಾಕ್ ಹುಡುಕಬೇಕು. ಅದನ್ನು ಕಾರ್ಖಾನೆಯಲ್ಲೇ ಆ ಫೋನಿಗೆಂದು ಬರೆದಿಟ್ಟಿರುತ್ತಾರೆ, ಎಷ್ಟೋ ಮಾದರಿಗಳಲ್ಲಿ ಪರ್ಸಿಸ್ಟ್ ಎಂಬ ಪಾರ್ಟಿಷನ್ನಿನಲ್ಲಿ (ಸ್ಟೋರೇಜಿನ ಒಂದು ಪ್ರತ್ಯೇಕ ಭಾಗ). ಸಿಗದಿದ್ದರೆ ಗತಿಯಿಲ್ಲದೆ ಐಎನ್‌ಐನಲ್ಲಿ ಇರೋದನ್ನೇ ಹಾಕಿಕೊಳ್ಳುತ್ತೆ. ನಾಲ್ಕೂ ಫೋನಿನ ಪರ್ಸಿಸ್ಟ್ ತೆರೆದು ನೋಡಿದೆ. ಖಾಲಿ.

ಒಂದೇ ಮ್ಯಾಕ್ ಇದ್ದರೆ ಏನಾಗುತ್ತೆ ಅಂದರೆ: ಆಕ್ಸೆಸ್ ಪಾಯಿಂಟ್ ಯಾರು ಯಾರು ಅಂತ ಗುರುತಿಡೋದು ಮ್ಯಾಕ್‌ನಿಂದ. ಎರಡನೇ ಫೋನ್ ಸೇರಿದಾಗ "ಹಳೆಯವನೇ ಮತ್ತೆ ಬಂದ" ಅಂದುಕೊಂಡು ಹೊಸ ಕೀ (ಪ್ಯಾಕೆಟ್‌ಗಳಿಗೆ ಹಾಕುವ ಗುಪ್ತ ಬೀಗದ ಕೈ) ಮಾಡಿಕೊಳ್ಳುತ್ತೆ. ಮೊದಲನೇ ಫೋನ್ ಹಳೆ ಕೀಯಲ್ಲೇ ಪ್ಯಾಕೆಟ್ ಕಳಿಸುತ್ತಿರುತ್ತೆ, ಅವೆಲ್ಲ ಕಸದ ಬುಟ್ಟಿಗೆ. ಒಂದೇ ಕುರ್ಚಿಗೆ ಇಬ್ಬರು ಅಂದರೆ ನಮ್ಮ ರಾಜ್ಯದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಎರಡು ಆಕ್ಸೆಸ್ ಪಾಯಿಂಟ್ ಇದ್ದಾಗ ಕುರ್ಚಿ ಎರಡಾಗುತ್ತೆ, ಅದಕ್ಕೇ ಕಡಿದುಹೋಗಲಿಲ್ಲ. ಆದರೆ ನಡುವಿನ ನೆಟ್‌ವರ್ಕ್ ಸ್ವಿಚ್‌ಗೆ (ಕೇಬಲ್‌ಗಳನ್ನು ಜೋಡಿಸುವ ಪೆಟ್ಟಿಗೆ) ಈ ಮ್ಯಾಕ್ ಯಾವ ಪೋರ್ಟಿನ ಕಡೆ ಇದೆ ಅನ್ನೋದೇ ಗೊಂದಲ. ಕೊನೆಯ ಪ್ಯಾಕೆಟ್ ಎಲ್ಲಿಂದ ಬಂತೋ ಅತ್ತಲೇ ಉತ್ತರ ಕಳಿಸುತ್ತೆ. ಸಂಪಿನ ಉತ್ತರ ತಾರಸಿಗೆ, ತಾರಸಿಯದು ಸಂಪಿಗೆ.

ಅಂಗಡಿಗೆ ಹೋದೆ. ಎಸ್‌ಪಿ ರೋಡಿನ ಒಳಗಲ್ಲಿ, ಹೆಸರು ಬೇಡ. ಎಲ್ಲಾ ಪೀಸಿಗೂ ಬಾಕ್ಸ್ (ಫೋನಿನ ಸಾಫ್ಟ್‌ವೇರ್ ಅಳಿಸಿ ಬರೆಯುವ ಸಾಧನ) ಹಾಕಿ ಪೂರ್ತಿ ಫಾರ್ಮ್ಯಾಟ್ ಹೊಡೆದು ಕೊಡೋದು ಅವರ ಪದ್ಧತಿಯಂತೆ. ಪರ್ಸಿಸ್ಟ್ ಖಾಲಿಯಾದದ್ದು ಹೀಗೇ ಇರಬೇಕು. "ಸಾರ್, ವೈಫೈ ಬರ್ತಾ ಇದ್ಯಲ್ಲ?" ಅಂದ ಹುಡುಗ. ಬರ್ತಾ ಇದೆ, ಆದರೆ ನಾಲ್ಕಕ್ಕೂ ಒಂದೇ ಅಡ್ರೆಸ್ ಅಂದೆ. "ಒಂದೊಂದೇ ಆನ್ ಮಾಡಿ ಸಾರ್." ಪರಿಹಾರ ಅಂತೂ ತಾಂತ್ರಿಕವಾಗಿ ಸರಿ.

ಇಲ್ಲಿ ಒಂದು ಎಚ್ಚರಿಕೆ. ಪರ್ಸಿಸ್ಟ್ ಹೋದರೆ ಬೇರೆ ಫೋನಿಂದು ತಂದು ಫ್ಲಾಶ್ ಮಾಡಿ ಅಂತ ತುಂಬಾ ಜನ ಸಲಹೆ ಕೊಡುತ್ತಾರೆ. ತಾರಸಿ-2ರ ಪರ್ಸಿಸ್ಟ್ ನಕಲು ಮಾಡಿ ಉಳಿದವಕ್ಕೆ ಹಾಕುವುದು ಐದು ನಿಮಿಷದ ಕೆಲಸ. ಹಾಕಿದರೆ ನಾಲ್ಕು ಫೋನಿಗೆ ಇದ್ದ ಕಾಯಿಲೆ ಐದಕ್ಕೂ ಅಂಟುತ್ತೆ, ಜೊತೆಗೆ ಬೇರೆ ಫೋನಿನ ಸೆನ್ಸರ್ ಕ್ಯಾಲಿಬ್ರೇಷನ್ ಬೇರೆ. ಇನ್ನು ಮೋಡೆಮ್ ಪಾರ್ಟಿಷನ್ ಕಡೆ ಕೈ ಹಾಕಲೇಬೇಡಿ. ಐಎಂಇಐ (ಮೊಬೈಲ್ ನೆಟ್‌ವರ್ಕ್‌ಗೆ ಫೋನಿನ ಗುರುತು ಸಂಖ್ಯೆ) ತಿದ್ದುವುದು ನಮ್ಮಲ್ಲಿ ಅಪರಾಧ, 2017ರಲ್ಲೇ ಅದಕ್ಕೆಂದು ನಿಯಮ ಬಂದಿದೆ. ನನ್ನವು *#06# ಒತ್ತಿದರೆ ಬ್ಯಾಟರಿ ಕೆಳಗಿನ ಸ್ಟಿಕ್ಕರ್‌ಗೆ ತಾಳೆಯಾದವು, ಸಮಾಧಾನ.

ಸರಿ, ಐಎನ್‌ಐನಲ್ಲೇ ಬೇರೆ ಬೇರೆ ಮ್ಯಾಕ್ ಬರೆದುಬಿಡೋಣ ಅಂತ ಹೊರಟೆ. ಈ ರಾಮ್‌ನಲ್ಲಿ ಡ್ರೈವರ್ ಓದುವ ಐಎನ್‌ಐ ನಕಲು "ಡೇಟಾ" ಎಂಬ ಪಾರ್ಟಿಷನ್ನಿನಲ್ಲಿದೆ, ಮೂಲ ಪ್ರತಿ "ಸಿಸ್ಟಂ" ಪಾರ್ಟಿಷನ್ನಿನಲ್ಲಿ. ಡೇಟಾದಲ್ಲಿ ಇರೋದನ್ನು ತಿದ್ದಿ, ವೈಫೈ ಆನ್ ಮಾಡಿದೆ. ಹೊಸ ಮ್ಯಾಕ್ ಬಂತು. ರೀಬೂಟ್ ಮಾಡಿದೆ. ಮತ್ತೆ 89:89:ಎಫ್‌ಎಫ್. ಫೈಲ್ ತೆರೆದರೆ ನಾನು ಬರೆದದ್ದೇ ಇಲ್ಲ.

ಪರ್ಮಿಷನ್ ಸರಿ. ಓನರ್ ಸರಿ. ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಲೇಬಲ್ ಸರಿ. ವಿಂಡೋಸ್ ಲೈನ್ ಎಂಡಿಂಗ್ ಸೇರಿಕೊಂಡಿಲ್ಲ. ತಲೆ ಕೆಡಿಸಿದ್ದು ಮೀಟರು. ಅದೊಂದರಲ್ಲಿ ಮಾತ್ರ ಬದಲಾವಣೆ ನಿಂತಿತು! ಅದೇ ಮಾದರಿ, ಅದೇ ರಾಮ್, ಅದೇ ಫೈಲ್. ಮೂರರಲ್ಲಿ ಅಳಿಸಿಹೋಗುತ್ತೆ, ಒಂದರಲ್ಲಿ ಉಳಿಯುತ್ತೆ. ಇಂಥದ್ದಕ್ಕಿಂತ ಎಲ್ಲದರಲ್ಲೂ ಕೆಟ್ಟಿದ್ದರೆ ಎಷ್ಟೋ ವಾಸಿ.

ಎರಡು ಫೋನಿನ ಫೈಲ್ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಕಣ್ಣು ದಿನಾಂಕದ ಮೇಲೆ ಬಿತ್ತು. ಸಿಸ್ಟಂನ ಮೂಲ ಪ್ರತಿ: 2009-01-01 05:30. ಇದು ಎಷ್ಟೋ ಆಂಡ್ರಾಯ್ಡ್ ಫೋನಲ್ಲಿ ಕಾಣುತ್ತೆ. ರಾಮ್‌ನ ಇಮೇಜ್ (ಫೋನಿಗೆ ಹಾಕುವ ಫೈಲುಗಳ ಕಟ್ಟು) ತಯಾರಿಸುವಾಗ ಎಲ್ಲಾ ಫೈಲಿಗೂ ಒಂದೇ ದಿನಾಂಕದ ಮುದ್ರೆ ಒತ್ತುತ್ತಾರೆ, ಯುಟಿಸಿಯಲ್ಲಿ (ಜಾಗತಿಕ ಸಮಯ) ಹೊಸವರ್ಷದ ಮಧ್ಯರಾತ್ರಿ, ನಮಗೆ ಬೆಳಗಿನ ಐದೂವರೆ. ಮೀಟರಿನಲ್ಲಿ ನಾನು ತಿದ್ದಿದ ಪ್ರತಿಗೆ ಈ ವರ್ಷದ ದಿನಾಂಕ. ಸಂಪಿನಲ್ಲಿ ತಿದ್ದಿದ್ದಕ್ಕೆ? 1970-01-02.

ಅಲ್ಲಿಗೆ ಎಲ್ಲಾ ಬಿಚ್ಚಿಕೊಂಡಿತು. ಈ ಫೋನುಗಳ ಆರ್‌ಟಿಸಿ (ಒಳಗಿನ ಗಡಿಯಾರದ ಚಿಪ್) ಸುಮ್ನೆ ಸೆಕೆಂಡ್ ಎಣಿಸುತ್ತೆ, ಆಂಡ್ರಾಯ್ಡ್‌ಗೆ ಅದರಲ್ಲಿ ಸರಿಯಾದ ಸಮಯ ಬರೆಯಲು ಬರಲ್ಲ. ಅಸಲಿ ಸಮಯಕ್ಕೂ ಅದಕ್ಕೂ ಇರುವ ಅಂತರವನ್ನು ಕಂಪನಿಯ ಫರ್ಮ್‌ವೇರ್‌ನ ಟೈಮ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಬೇರೆ ಕಡೆ ನೆನಪಿಟ್ಟುಕೊಳ್ಳುತ್ತೆ. ಈ ರಾಮ್‌ನಲ್ಲಿ ಆ ಡೀಮನ್ ಕೆಲಸ ಮಾಡುತ್ತಿಲ್ಲ. ಬ್ಯಾಟರಿ ತೆಗೆದು ಹಾಕಿದರೆ ಬೂಟ್ ಆಗೋದು 1970ಕ್ಕೆ, ಅಂದರೆ ಫೋನಿನ ಸಮಯದ ಎಣಿಕೆ ಸೊನ್ನೆಯಿಂದ ಶುರುವಾಗುವ ವರ್ಷಕ್ಕೆ. ಸಿಮ್ ಇದ್ದರೆ ಟವರ್ ಸಮಯ ಹೇಳುತ್ತೆ. ಇಲ್ಲದಿದ್ದರೆ ಇಂಟರ್ನೆಟ್‌ನಿಂದ ಬರಬೇಕು. ನಾನು ಮ್ಯಾಕ್‌ಗಳ ಡಿಕ್ಕಿ ಬೇಡ ಅಂತ ವೈಫೈ ಆಫ್ ಇಟ್ಟು, ಯುಎಸ್‌ಬಿಯಲ್ಲಿ ತಿದ್ದುತ್ತಿದ್ದೆ. ಮೀಟರು ಮಾತ್ರ ಆ ಹೊತ್ತಿಗೆ ಆನ್‌ಲೈನ್ ಇದ್ದು ಸಮಯ ಸರಿಮಾಡಿಕೊಂಡಿತ್ತು.

ಬೂಟ್ ಆಗುವಾಗ ವೈಫೈ ಸರ್ವಿಸ್ ಎರಡೂ ಪ್ರತಿಯ ದಿನಾಂಕ ಹೋಲಿಸುತ್ತೆ. ಸಿಸ್ಟಂನದು ಹೊಸದಾಗಿದ್ದರೆ ಅದನ್ನು ಡೇಟಾಗೆ ನಕಲು ಮಾಡುತ್ತೆ. ರಾಮ್ ಅಪ್‌ಡೇಟ್ ಆದರೆ ಹೊಸ ಸೆಟ್ಟಿಂಗ್ ಬರಲಿ ಅನ್ನೋ ಒಳ್ಳೆ ಉದ್ದೇಶ. 2009 ದೊಡ್ಡದೋ 1970 ದೊಡ್ಡದೋ? ನನ್ನ ಬದಲಾವಣೆ ಅದರ ಲೆಕ್ಕದಲ್ಲಿ ಮೂವತ್ತೊಂಬತ್ತು ವರ್ಷ ಹಳೇದು. ಮ್ಯಾಕ್ ಸರಿಯಿಲ್ಲ ಅಂತ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇಲ್ಲ ಅಂತ ಸಮಯ ಸರಿಯಿಲ್ಲ, ಸಮಯ ಸರಿಯಿಲ್ಲ ಅಂತ ಮ್ಯಾಕ್ ನಿಲ್ಲಲ್ಲ.

ಫೈಲಿನ ದಿನಾಂಕ ಬದಲಿಸುವ ಟಚ್ ಕಮಾಂಡ್‌ನಿಂದ ಅದನ್ನು ಮುಂದಕ್ಕೆ ತಳ್ಳಿದೆ. ರೀಬೂಟ್. ನಿಂತಿತು. ಬ್ಯಾಟರಿ ತೆಗೆದು ಹಾಕಿದೆ. ನಿಂತಿತು. ಕುಣಿದಾಡುವಷ್ಟು ಖುಷಿ, ಆದರೆ ಇದು ತೇಪೆ. ಕಾಯಂ ಏರ್ಪಾಡಿಗೆ ಮ್ಯಾಕನ್ನು ಸಿಸ್ಟಂನ ಮೂಲ ಪ್ರತಿಯಲ್ಲೇ ಬರೆದೆ. ಲಿನಿಯೇಜ್ (ಒಂದು ಜನಪ್ರಿಯ ಕಸ್ಟಮ್ ರಾಮ್) ವಂಶದ ರಾಮ್‌ಗಳಲ್ಲಿ ಆಡ್‌ಆನ್-ಡಿ ಫೋಲ್ಡರ್ ಇರುತ್ತಲ್ಲ, ಅಲ್ಲೊಂದು ಪುಟ್ಟ ಸ್ಕ್ರಿಪ್ಟ್ ಇಟ್ಟೆ. ಅಪ್‌ಡೇಟ್ ಮಾಡಿದರೂ ಫೈಲ್ ಉಳಿಯುತ್ತೆ.

ಮ್ಯಾಕ್ ಆರಿಸುವಾಗ ಫೋನ್ ನಂಬರ್, ಹುಟ್ಟಿದ ದಿನಾಂಕ ಬರೆಯಬೇಡಿ. ಮೊದಲ ಬೈಟಿನ ಕೊನೆಯ ಬಿಟ್ ಆನ್ ಇದ್ದರೆ ಅದು ಮಲ್ಟಿಕಾಸ್ಟ್ (ಒಟ್ಟಿಗೆ ಹಲವರಿಗೆ ಕಳಿಸುವ ವಿಳಾಸ), ಫೋನಿಗೆ ಸಲ್ಲದು. ಕೊನೆಯಿಂದ ಎರಡನೆಯದು ಆನ್ ಇರಬೇಕು. ಆಗ "ಇದು ಕಂಪನಿ ಕೊಟ್ಟದ್ದಲ್ಲ, ನಾವೇ ಇಟ್ಟುಕೊಂಡದ್ದು" ಎಂದರ್ಥ. ಅಂದರೆ ಎರಡನೇ ಅಕ್ಷರ 2, 6, ಎ ಅಥವಾ ಇ. ನನ್ನ ಫೋನುಗಳ ಸೀರಿಯಲ್ ನಂಬರ್ ಎಂಟು ಅಕ್ಷರದ ಹೆಕ್ಸ್ (0ರಿಂದ 9, ಎಯಿಂದ ಎಫ್), ನಾಲ್ಕು ಬೈಟು. ಮುಂದೆ 02:00 ಅಂಟಿಸಿದರೆ ಆರು ಬೈಟ್ ಭರ್ತಿ. ಮೊದಲು ಎಡಿಬಿ ಪಟ್ಟಿಯಲ್ಲಿ ಸೀರಿಯಲ್‌ಗಳೇ ಬೇರೆ ಬೇರೆ ಇವೆಯಾ ನೋಡಿಕೊಳ್ಳಿ.

ಆಂಡ್ರಾಯ್ಡ್ 10ರ ಮೇಲಿನ ರಾಮ್ ಹಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಅಂತ ಗೆಳೆಯನ ವಾದ. ಅಲ್ಲಿ ಪ್ರತಿ ವೈಫೈಗೂ ಬೇರೆ ರ‍್ಯಾಂಡಮ್ ಮ್ಯಾಕ್, ನಿಜ. ಆದರೆ ಡ್ರೈವರ್ ಅದಕ್ಕೆ ಒಪ್ಪಬೇಕು. ಮೇಲಾಗಿ ಒಳಗಿನ ಕಾಯಿಲೆ ವಾಸಿಯಾಗಲ್ಲ, ಮುಚ್ಚಿಹೋಗುತ್ತೆ. ಯಾರೋ ಒಂದು ದಿನ "ಫೋನಿನ ಮ್ಯಾಕ್ ಬಳಸು" ಅಂತ ಆರಿಸಿದಾಗ ಮತ್ತೆ ಎದ್ದು ಕೂರುತ್ತೆ.

ಬ್ಲೂಟೂತ್ ಕಡೆಯೂ ಇಣುಕಿದೆ. ನಾಲ್ಕರಲ್ಲೂ 22:22ರಿಂದ ಶುರು. ಸ್ವಂತ ಅಡ್ರೆಸ್ ಸಿಗದಿದ್ದಾಗ ಆಂಡ್ರಾಯ್ಡ್ ತಾನೇ ಹುಟ್ಟಿಸಿಕೊಳ್ಳುವ ರ‍್ಯಾಂಡಮ್ ಅದು, ಉಳಿದ ಬೈಟುಗಳು ಬೇರೆ ಬೇರೆ ಇವೆ. ನನಗೆ ಬ್ಲೂಟೂತ್ ಬೇಕಿಲ್ಲ, ಹಾಗೇ ಬಿಟ್ಟೆ.

ಈಗ ಮನಸ್ಸೆಲ್ಲ ಸಂಪಿನ ಫೋನಿನ ಮೈಕ್ ಮೇಲಿದೆ. ಕಾವೇರಿ ನೀರು ಬಂದಾಗ ಪೈಪಿನಲ್ಲಿ ಮೊದಲು ಗಾಳಿ ಸುಯ್ಯೆನ್ನುತ್ತೆ, ಆಮೇಲೆ ನೀರು. ಆ ಸುಯ್ಯನ್ನು ಹಿಡಿದರೆ ಲೆವೆಲ್ ಏರುವ ಮುಂಚೆಯೇ ಮೆಸೇಜ್ ಕಳಿಸಬಹುದು. ಮೊದಲ ರೆಕಾರ್ಡಿಂಗ್‌ನಲ್ಲಿ ಪಕ್ಕದ ಮೋಟರಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಮತ್ತು ಅದರ ದುಪ್ಪಟ್ಟು, ಮುಪ್ಪಟ್ಟು ಬಿಟ್ಟರೆ ಏನೂ ಕೇಳುತ್ತಿಲ್ಲ. ಗಾಳಿಯ ಸದ್ದು ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಹರಡಿರಬೇಕು, ಕೆಳಗಿನ ಸದ್ದು ಸೋಸುವ ಒಂದು ಹೈಪಾಸ್ ಫಿಲ್ಟರ್ ಹಾಕಿ ನೋಡಬೇಕು. ಹೇಗಿದ್ದರೂ ನಮ್ಮ ಬೀದಿಗೆ ನೀರು ಬಿಡೋದು ರಾತ್ರಿ ಎರಡರ ಮೇಲೆ. ಅಷ್ಟು ಹೊತ್ತಿಗೆ ಯಾರೂ ಮೋಟರ್ ಹಾಕಿರಲ್ಲ, ಮೂರನೇ ಮಹಡಿಯ ಆಂಟಿಯೊಬ್ಬರನ್ನು ಬಿಟ್ಟು.