ಬಾಲಿಯಲ್ಲಿ ‘ಗದ್ದೆ ಕಾಣುವ ರೂಮು’ ಬುಕ್ ಮಾಡುವ ಮುಂಚೆ ಓದಿ

ಬಾಲಿಗೆ ಹೊರಟಿದ್ದೀರಾ? ಹಾಗಾದರೆ ದಕ್ಷಿಣದ ಬೀಚ್ ಊರಾದ ಚಾಂಗು ಕಡೆ ರೂಮು ಮಾಡಬೇಡಿ. ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಹೋಗುವವರಂತೂ ಬೇಡವೇ ಬೇಡ. ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲೆ ನಮ್ಮ ಪರಿಚಯದವರಲ್ಲೇ ಎಷ್ಟೋ ಜನ ಹೋಗಿ ಬಂದರು, ಎಲ್ಲರೂ ಫೋಟೋ ಹಾಕಿದರು, ಆದರೆ ಈ ಒಂದು ಮಾತನ್ನು ಯಾರೂ ಹೇಳಲಿಲ್ಲ. ವೀಸಾ ಹೇಗೆ, ಯಾವ ಬೀಚು ಚೆನ್ನಾಗಿದೆ ಅನ್ನುವುದೆಲ್ಲ ಎಲ್ಲಿ ಹುಡುಕಿದರೂ ಸಿಗುತ್ತದೆ. ಅದನ್ನು ಬಿಟ್ಟು, ಸಿಗದೇ ಇರುವುದನ್ನು ಬರೆಯುತ್ತೇನೆ.

ನಾವು ಬುಕ್ ಮಾಡಿದ್ದ ವಿಲ್ಲಾದ ಹೆಸರಿನಲ್ಲೇ ಗದ್ದೆ ಇತ್ತು. ಫೋಟೋದಲ್ಲಿ ಬಾಗಿಲು ತೆರೆದರೆ ಪುಟ್ಟ ಈಜುಕೊಳ, ಅದರಾಚೆ ಕಣ್ಣು ಹಾಯಿಸಿದಷ್ಟು ದೂರ ಹಸಿರು ಭತ್ತ. ರಾತ್ರಿಗೆ 18 ಲಕ್ಷ ರುಪಿಯಾ. ಲಕ್ಷ ಅಂದರೆ ಗಾಬರಿ ಆಗಬೇಡಿ, ಒಂದು ಲಕ್ಷ ರುಪಿಯಾ ಅಂದರೆ ನಮ್ಮ ಐನೂರು ಚಿಲ್ಲರೆ ರೂಪಾಯಿ. ಆದರೂ ರಾತ್ರಿಗೆ ಒಂಬತ್ತು ಸಾವಿರದ ಮೇಲಾಯಿತು. ಅಮ್ಮ ಮಲೆನಾಡಿನ ಗದ್ದೆ ನೋಡಿಕೊಂಡೇ ಬೆಳೆದವರು, ಬೆಂಗಳೂರಿಗೆ ಬಂದ ಮೇಲೆ ಅದೆಲ್ಲ ತಪ್ಪಿಹೋಗಿದೆ, ಅವರಿಗೆ ಖುಷಿಯಾಗುತ್ತದೆ ಅಂತಲೇ ಮಾಡಿದ್ದು.

ಬೆಳಿಗ್ಗೆ ಪರದೆ ಸರಿಸಿದರೆ ಎದುರಿಗೆ ಮೂರು ಮಹಡಿಯ ಸಿಮೆಂಟ್ ಕಂಬಗಳು. ಸೆಂಟ್ರಿಂಗಿಗೆ ಕೊಟ್ಟ ಬಿದಿರು ಇನ್ನೂ ತೆಗೆದಿರಲಿಲ್ಲ. ಎಂಟು ಗಂಟೆಗೆ ಸರಿಯಾಗಿ ಟೈಲ್ಸ್ ಕತ್ತರಿಸುವ ಮಷಿನ್ ಶುರುವಾಯಿತು, ಸಂಜೆಯವರೆಗೂ ನಿಲ್ಲಲಿಲ್ಲ. ಈಜುಕೊಳದ ನೀರಿನ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ ಧೂಳು ಕೂತಿತ್ತು. ಫೋಟೋದಲ್ಲಿದ್ದ ಗದ್ದೆ ಪೂರ್ತಿ ಹೋಗಿರಲಿಲ್ಲ, ಎರಡು ಕಟ್ಟಡಗಳ ನಡುವೆ ಒಂದು ತುಂಡು ಉಳಿದಿತ್ತು. ಅದರಲ್ಲಿ ಒಬ್ಬ ಅಜ್ಜ ಹಗ್ಗಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಎಳೆದೂ ಎಳೆದೂ ಹಕ್ಕಿ ಓಡಿಸುತ್ತಿದ್ದರು. ಗದ್ದೆಗೆ ನೀರು ಬರುವ ಕಾಲುವೆಯಲ್ಲಿ ಇಟ್ಟಿಗೆ ಚೂರು, ಸಿಮೆಂಟ್ ಚೀಲ ತುಂಬಿಕೊಂಡಿತ್ತು. ಅವರು ಆಗಾಗ ಬಂದು ಕೈಯಲ್ಲೇ ತೆಗೆದು ದಡಕ್ಕೆ ಹಾಕುತ್ತಿದ್ದರು. ಅಮ್ಮ ಸ್ವಲ್ಪ ಹೊತ್ತು ನೋಡಿ ಒಳಗೆ ಬಂದು ಕೂತುಬಿಟ್ಟರು.

ಬಾಕಿ ದಿನಗಳ ದುಡ್ಡು ವಾಪಸ್ ಕೊಡಿ ಅಂದೆ. ಅಲ್ಲಿ ನೋಡಿಕೊಳ್ಳುತ್ತಿದ್ದ ಹುಡುಗ ಫೋಟೋ ಹಳೆಯದು, ತಾನೇನೂ ಮಾಡುವ ಹಾಗಿಲ್ಲ ಅಂದ. ಅವನು ಬಾಲಿಯವನೂ ಅಲ್ಲ, ಸುಂಬಾ ದ್ವೀಪದಿಂದ ಕೆಲಸಕ್ಕೆ ಬಂದವನು. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ವ್ಯವಹಾರವೆಲ್ಲ ಫೋನಿನಲ್ಲೇ. 2025ರಲ್ಲಿ ಬಾಲಿ ಪ್ರಾಂತ್ಯಕ್ಕೆ ನಿಗದಿಯಾದ ಕನಿಷ್ಠ ಸಂಬಳ ತಿಂಗಳಿಗೆ ಸುಮಾರು 30 ಲಕ್ಷ ರುಪಿಯಾ. ಅಂದರೆ ನಾವು ಎರಡು ರಾತ್ರಿಗೆ ಕೊಟ್ಟದ್ದು ಅದಕ್ಕಿಂತ ಜಾಸ್ತಿ. ಅವನ ಮೇಲೆ ಕೂಗಾಡಿ ಏನು ಪ್ರಯೋಜನ? ಬುಕಿಂಗ್ ಕಂಪನಿಗೆ ಬರೆದೆವು, ‘ನೋಟ ಬದಲಾಗಬಹುದು’ ಅಂತ ಷರತ್ತಿನಲ್ಲಿ ಇದೆ ಅಂದರು. ಒಂದು ಪೈಸೆ ವಾಪಸ್ ಬರಲಿಲ್ಲ.

ಇದು ನಮಗೊಬ್ಬರಿಗೆ ಆದದ್ದಲ್ಲ, ಚಾಂಗು, ಅದರ ಹತ್ತಿರದ ಸೆಮಿನ್ಯಾಕ್ ಕಡೆ ಎಲ್ಲಿ ನೋಡಿದರೂ ಇದೇ ಕಥೆ. ಅಲ್ಲಿ ಹೊರದೇಶದವರು ಜಮೀನು ಕೊಳ್ಳುವ ಹಾಗಿಲ್ಲ, ಹಾಗಾಗಿ 25, 30 ವರ್ಷಕ್ಕೆ ಲೀಸ್ ಹಾಕಿಸಿಕೊಳ್ಳುತ್ತಾರೆ. ಗದ್ದೆಯವರಿಗೆ ಒಂದೇ ಸಲ ದೊಡ್ಡ ಮೊತ್ತ ಸಿಗುತ್ತದೆ, ಭತ್ತದಲ್ಲಿ ಅಷ್ಟು ಯಾವತ್ತೂ ಬರುವುದಿಲ್ಲ, ಅವರು ಕೊಟ್ಟುಬಿಡುತ್ತಾರೆ. ಆದರೆ ಅಲ್ಲಿನ ಗದ್ದೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸುಬಕ್ ಅಂತ ರೈತರ ಸಂಘ ಇರುತ್ತದೆ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾವಾಗ ನಾಟಿ ಮಾಡಬೇಕು ಅಂತ ಎಲ್ಲರೂ ಕೂತು ತೀರ್ಮಾನ ಮಾಡುತ್ತಾರೆ, ಅದಕ್ಕೊಂದು ನೀರಿನ ದೇವಸ್ಥಾನವೂ ಇರುತ್ತದೆ. ಸಾವಿರ ವರ್ಷದ ಹಿಂದಿನಿಂದ ನಡೆದುಬಂದ ಈ ಪದ್ಧತಿಯನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೇಲಿನ ಒಂದು ಗದ್ದೆ ವಿಲ್ಲಾ ಆದರೆ ಕೆಳಗಿನವರ ಕಾಲುವೆ ಕೆಡುತ್ತದೆ. ನೀರು ಬರದಿದ್ದರೆ ಅವರೂ ಲೀಸಿಗೆ ಕೊಡುತ್ತಾರೆ. ಆ ಅಜ್ಜ ಕಾಲುವೆಯಿಂದ ಇಟ್ಟಿಗೆ ಎತ್ತಿ ಹಾಕುತ್ತಿದ್ದದ್ದು ಇದಕ್ಕೇ. 2025ರ ಸೆಪ್ಟೆಂಬರಿನಲ್ಲಿ ಬಾಲಿಯ ರಾಜಧಾನಿ ದೆನ್ಪಸಾರ್ ಕಡೆ ಪ್ರವಾಹ ಬಂದು ಹತ್ತಕ್ಕಿಂತ ಜಾಸ್ತಿ ಜನ ಸತ್ತಾಗ, ಗದ್ದೆಗಳನ್ನೆಲ್ಲ ಮುಚ್ಚಿ ಕಟ್ಟಿದ್ದೂ ಒಂದು ಕಾರಣ ಅಂತ ಅಲ್ಲಿ ದೊಡ್ಡ ಚರ್ಚೆಯಾಯಿತು.

ಹಾಗಾಗಿ ಗದ್ದೆ ಕಾಣುವ ರೂಮು ಬೇಕೇ ಬೇಕು ಅನ್ನುವವರು ಮೂರು ಕೆಲಸ ಮಾಡಿ. ದುಡ್ಡು ಕೊಡುವ ಮುಂಚೆ ವಾಟ್ಸಾಪಿನಲ್ಲಿ ಅವತ್ತೇ ತೆಗೆದ ವಿಡಿಯೋ ಕೇಳಿ, ಕಳಿಸುವುದಿಲ್ಲ ಅಂದರೆ ಬಿಟ್ಟುಬಿಡಿ. ರಿವ್ಯೂಗಳಲ್ಲಿ ಕಳೆದ ಒಂದೆರಡು ತಿಂಗಳಿನವನ್ನು ಮಾತ್ರ ಓದಿ, ‘ಕನ್‌ಸ್ಟ್ರಕ್ಷನ್’ ಅನ್ನುವ ಪದ ಹುಡುಕಿ. ಮತ್ತೆ, ಎಷ್ಟು ದಿನ ಇರುವುದಾದರೂ ಮೊದಲು ಒಂದೇ ರಾತ್ರಿಗೆ ಬುಕ್ ಮಾಡಿ, ಹಿಡಿಸಿದರೆ ಅಲ್ಲೇ ಮಾತಾಡಿ ಮುಂದುವರಿಸಿ. ಜುಲೈ, ಆಗಸ್ಟ್, ಕ್ರಿಸ್‌ಮಸ್ ಬಿಟ್ಟರೆ ರೂಮಿಗೇನೂ ಬರ ಇಲ್ಲ.

ಟ್ಯಾಕ್ಸಿ ವಿಷಯಕ್ಕೂ ಒಂದು ಮಾತು. ಗ್ರಾಬ್, ಗೋಜೆಕ್ ಅನ್ನುವ ಆ್ಯಪ್‌ಗಳು ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಎಲ್ಲ ಕಡೆ ಅಲ್ಲ. ಕೆಲವು ಬೀಚು, ಕೆಲವು ಬೀದಿಗಳಲ್ಲಿ ಆನ್‌ಲೈನ್ ಟ್ಯಾಕ್ಸಿ ಜನರನ್ನು ಹತ್ತಿಸಿಕೊಳ್ಳುವ ಹಾಗಿಲ್ಲ ಅಂತ ಬೋರ್ಡೇ ಹಾಕಿರುತ್ತಾರೆ. ಆ್ಯಪಿನಲ್ಲಿ 60 ಸಾವಿರ ರುಪಿಯಾ ತೋರಿಸಿದ ದೂರಕ್ಕೆ ಅಲ್ಲಿನ ಸ್ಟ್ಯಾಂಡಿನವರು ನಮಗೆ ಹೇಳಿದ್ದು ಎರಡು ಲಕ್ಷ. ಬುಕ್ ಮಾಡಿದ ಡ್ರೈವರ್ ಫೋನ್ ಮಾಡಿ, ದಯವಿಟ್ಟು ಮೇನ್ ರೋಡಿನವರೆಗೆ ನಡೆದು ಬನ್ನಿ, ಇಲ್ಲಿ ಬಂದರೆ ನನಗೆ ತೊಂದರೆ ಮಾಡುತ್ತಾರೆ ಅಂತ ಕೇಳಿಕೊಂಡ. ಅಮ್ಮನ ಮೊಣಕಾಲು ನೋವು, ಬಿಸಿಲು ಬೇರೆ. ಸ್ಟ್ಯಾಂಡಿನವರಿಗೇ ಕೊಟ್ಟು ಹತ್ತಿದೆವು. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅವರದ್ದೂ ಒಂದು ಲೆಕ್ಕ ಇದೆ. ಅವರೆಲ್ಲ ಅದೇ ಊರಿನ ಹುಡುಗರು, ಅವರ ಊರಿನ ಜಾಗದಲ್ಲೇ ಹೋಟೆಲು ಎದ್ದಿದೆ, ಅಲ್ಲಿಗೆ ಬಂದವರನ್ನು ಕರೆದೊಯ್ಯುವ ಕೆಲಸವಾದರೂ ನಮಗಿರಲಿ ಅನ್ನುತ್ತಾರೆ. ಇದಕ್ಕೆ ಸುಲಭದ ದಾರಿ ಅಂದರೆ ದಿನಕ್ಕೆ ಕಾರು ಗೊತ್ತು ಮಾಡುವುದು. ಡ್ರೈವರ್, ಪೆಟ್ರೋಲ್ ಸೇರಿ ಆರೇಳು ಲಕ್ಷ ರುಪಿಯಾ. ನಾಲ್ಕು ಜನ ಇದ್ದರೆ ಲೆಕ್ಕ ಸರಿ ಹೋಗುತ್ತದೆ. ಆಮೇಲೆ ಒಂದೇ ದಿನದಲ್ಲಿ ಉತ್ತರ ದಕ್ಷಿಣ ಎರಡೂ ನೋಡುತ್ತೇವೆ ಅಂತ ಹೊರಡಬೇಡಿ. ಮ್ಯಾಪಿನಲ್ಲಿ ಹತ್ತು ಕಿಲೋಮೀಟರ್ ಅಂತ ಇದ್ದರೂ ಚಾಂಗು ಕಡೆ ಸಂಜೆ ಹೊತ್ತು ಒಂದು ಗಂಟೆ ಹಿಡಿಯುತ್ತದೆ. ಸಿಲ್ಕ್ ಬೋರ್ಡ್ ದಾಟಿ ಅಭ್ಯಾಸ ಇರುವ ನನಗೇ ಸಾಕುಬೇಕಾಯಿತು.

ಈಗ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತೇನೆ. ಸಿದೆಮೆನ್. ಪೂರ್ವದ ಕಡೆ, ಅಗುಂಗ್ ಪರ್ವತದ ಕೆಳಗಿನ ಕಣಿವೆ, ವಿಮಾನ ನಿಲ್ದಾಣದಿಂದ ಎರಡು ಗಂಟೆಯ ಒಳಗೆ ತಲುಪಬಹುದು. ಬೀಚಿಲ್ಲ, ಪಾರ್ಟಿ ಇಲ್ಲ, ಸಂಜೆ ಎಂಟಕ್ಕೆ ಊರು ಮಲಗುತ್ತದೆ. ಅದು ಬೇಜಾರು ಅನ್ನುವವರು ಬೀಚು, ಪಾರ್ಟಿ ಎರಡೂ ಇರುವ ಕೂಟಾದಲ್ಲೇ ಇರಿ. ನಾವು ಒಂದು ಮನೆಯ ಅಂಗಳದ ಮೂಲೆಯಲ್ಲಿದ್ದ ರೂಮಿನಲ್ಲಿ ಉಳಿದುಕೊಂಡೆವು, ರಾತ್ರಿಗೆ ಮೂರೂವರೆ ಲಕ್ಷ ರುಪಿಯಾ, ತಿಂಡಿ ಸೇರಿ. ಎಸಿ ಇಲ್ಲ, ಫ್ಯಾನು ಸಾಕು. ಇಲ್ಲಿ ಗದ್ದೆ ಫೋಟೋಗೆ ಇಟ್ಟದ್ದಲ್ಲ, ಮನೆಯವರೇ ಬೆಳಿಗ್ಗೆ ಇಳಿದು ಕೆಲಸ ಮಾಡುತ್ತಾರೆ. ಅಮ್ಮ ಎರಡನೇ ದಿನವೇ ಬದುವಿನ ಮೇಲೆ ನಿಂತು ಅವರ ಜೊತೆ ಕೈಸನ್ನೆಯಲ್ಲಿ ಸಸಿ ಎಷ್ಟು ದಿನದ್ದು ಅಂತ ಮಾತಾಡುತ್ತಿದ್ದರು.

ಊಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿ ಇಂಡಿಯನ್ ಹೋಟೆಲ್ ಬಿಟ್ಟರೆ ಗತಿಯಿಲ್ಲ ಅಂತ ತುಂಬಾ ಜನ ಹೆದರಿಸಿದ್ದರು. ಅದು ಶುದ್ಧ ಸುಳ್ಳು. ಸಿದೆಮೆನ್‌ನಲ್ಲಿ ರಸ್ತೆ ಬದಿ ಒಂದು ವಾರುಂಗ್ ಇತ್ತು. ವಾರುಂಗ್ ಅಂದರೆ ನಮ್ಮ ಕಡೆಯ ಗೂಡಂಗಡಿ, ಖಾನಾವಳಿ ಎರಡೂ ಸೇರಿದ್ದು. ತಗಡಿನ ಮಾಡು, ಎರಡು ಬೆಂಚು, ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಪಲ್ಯಗಳು. ನಡೆಸುವವರು ಅಮ್ಮನ ವಯಸ್ಸಿನ ಹೆಂಗಸು, ಎಲ್ಲರೂ ಅವರನ್ನು ಇಬು, ಅಂದರೆ ಅಮ್ಮ, ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ತಟ್ಟೆಯ ನಡುವೆ ಬಿಸಿ ಅನ್ನ ಹಾಕಿ, ನಾವು ಬೆರಳು ತೋರಿಸಿದ್ದನ್ನೆಲ್ಲ ಒಂದೊಂದು ಚಮಚ ಸುತ್ತಲೂ ಇಡುತ್ತಾರೆ, ಅದಕ್ಕೆ ನಾಸಿ ಚಂಪುರ್ ಅಂತ ಹೆಸರು. ಟೆಂಪೆಯನ್ನು, ಅಂದರೆ ಸೋಯಾ ಕಾಳು ಹುದುಗಿಸಿ ಮಾಡಿದ ಗಟ್ಟಿಯನ್ನು, ಸಣ್ಣಗೆ ಕಡ್ಡಿಯ ಹಾಗೆ ಹೆಚ್ಚಿ, ಗರಿಗರಿಯಾಗಿ ಕರಿದು, ಬೆಲ್ಲ ಮೆಣಸಿನಕಾಯಿಯಲ್ಲಿ ಹೊರಳಿಸಿದ್ದರು. ಅದೊಂದಕ್ಕೇ ನಾನು ಇನ್ನೊಂದು ತಟ್ಟೆ ಅನ್ನ ಹಾಕಿಸಿಕೊಂಡೆ. ಬೀನ್ಸು, ಸೊಪ್ಪು, ಮೊಳಕೆಕಾಳಿಗೆ ಹುರಿದ ತೆಂಗಿನತುರಿ ಕಲಸಿದ ಉರಾಪ್ ಅನ್ನುವ ಪಲ್ಯವನ್ನು ಅಮ್ಮ ಬಾಯಿಗೆ ಇಟ್ಟವರೇ, ‘ಇದಕ್ಕೆ ಒಂದು ಒಗ್ಗರಣೆ ಬಿದ್ದಿದ್ದರೆ ನಮ್ಮನೇದೇ’ ಅಂದರು. ಹಲಸಿನ ಗುಜ್ಜೆ ಪಲ್ಯವೂ ಇತ್ತು. ಕೊನೆಗೆ ಬಾಳೆಹಣ್ಣಿನ ಬಜ್ಜಿ, ಕೆಳಗೆ ಪುಡಿ ಇಳಿದಿರುವ ಕಪ್ಪು ಕಾಫಿ. ಒಬ್ಬರ ಊಟ 30 ಸಾವಿರ ರುಪಿಯಾ, ಅಂದರೆ ನೂರೈವತ್ತು, ನೂರರವತ್ತು ರೂಪಾಯಿ. ಚಾಂಗುವಿನಲ್ಲಿ ಅದೇ ದುಡ್ಡಿಗೆ ಒಂದು ಕಾಫಿ ಬಂದರೆ ಪುಣ್ಯ. ಅಲ್ಲಿದ್ದಷ್ಟು ದಿನ ಬೇರೆ ಕಡೆ ತಿನ್ನಲೇ ಇಲ್ಲ. ಕೊನೆಕೊನೆಗೆ ಇಬು ನಮಗೆ ಅಂತಲೇ ಸಂಬಾಲ್ ಅನ್ನುವ ಖಾರದ ಚಟ್ನಿಯನ್ನು ಬೇರೆಯಾಗಿ ಅರೆದಿಡುತ್ತಿದ್ದರು.

ಬೇರೆ ಯಾಕೆ ಅಂದರೆ, ಸಸ್ಯಾಹಾರಿಗಳು ಗಮನಿಸಬೇಕಾದ ವಿಷಯ ಇಲ್ಲೇ ಇರುವುದು. ಅಲ್ಲಿನ ಸಂಬಾಲಿಗೆ ತೆರಾಸಿ ಹಾಕುತ್ತಾರೆ, ಅದು ಸೀಗಡಿಯಿಂದ ಮಾಡಿದ ಮುದ್ದೆ. ತರಕಾರಿ ಪಲ್ಯಕ್ಕೂ ಹಾಕಿರಬಹುದು. ‘ಮಾಂಸ ತಿನ್ನುವುದಿಲ್ಲ’ ಅಂತಷ್ಟೇ ಹೇಳಿದರೆ ಸಾಲದು, ‘ತಾನ್ಪಾ ತೆರಾಸಿ’ ಅನ್ನಿ, ತೆರಾಸಿ ಇಲ್ಲದ್ದು ಅಂತ. ಹಪ್ಪಳದ ಹಾಗಿರುವ ಕೆರುಪುಕ್‌ನಲ್ಲೂ ಸೀಗಡಿ ಇರಬಹುದು, ಕೇಳಿ ತೆಗೆದುಕೊಳ್ಳಿ. ಲಾವಾರ್ ಅನ್ನುವುದು ನೋಡಲು ತರಕಾರಿ ಪಲ್ಯದ ಹಾಗಿದ್ದರೂ ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ, ಕೆಲವು ಸಲ ರಕ್ತವನ್ನೂ ಕಲಸುತ್ತಾರೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಲ್ಲಿ ನೀರು ಮಾತ್ರ ಕುಡಿಯಬೇಡಿ.

ಹಿಂದೂಗಳ ಊರು ಅಂತ ಹೋಗುವವರು ನಮ್ಮ ಕಡೆಯ ಪದ್ಧತಿಯನ್ನೇ ಹುಡುಕಬೇಡಿ. ಅಲ್ಲಿನ ಗುಡಿ ಬಯಲಿನಲ್ಲಿರುತ್ತದೆ, ನಮ್ಮ ಹಾಗೆ ಗರ್ಭಗುಡಿ, ಮೂಲವಿಗ್ರಹ ಅಂತ ಇರುವುದಿಲ್ಲ. ಎತ್ತರದ ಕಲ್ಲಿನ ಪೀಠ ಖಾಲಿ ಇರುತ್ತದೆ, ಅದಕ್ಕೆ ಪದ್ಮಾಸನ ಅಂತಾರೆ. ಸೊಂಟಕ್ಕೆ ಪಂಚೆ, ಮೇಲೊಂದು ನಡುಪಟ್ಟಿ ಕಟ್ಟದೆ ಒಳಗೆ ಬಿಡುವುದಿಲ್ಲ. ಮುಟ್ಟಾದ ಹೆಂಗಸರು ಬರಬಾರದು ಅಂತ ಬೋರ್ಡೂ ಇರುತ್ತದೆ, ಮೊದಲೇ ಗೊತ್ತಿದ್ದರೆ ಬಾಗಿಲಲ್ಲಿ ಮುಜುಗರ ಇಲ್ಲ. ಸಿದೆಮೆನ್‌ನಲ್ಲಿ ನಾವು ಉಳಿದಿದ್ದ ಮನೆಯವರು ತಮ್ಮ ಗುಡಿಯ ಪೂಜೆಗೆ ಕರೆದುಕೊಂಡು ಹೋದರು. ತೀರ್ಥ ಕೊಟ್ಟು, ಒದ್ದೆ ಅಕ್ಕಿಕಾಳನ್ನು ಅಮ್ಮನ ಹಣೆಗೆ ಒತ್ತಿದರು. ಬೀದಿಯಲ್ಲಿ ನಡೆಯುವಾಗ ನೆಲ ನೋಡಿ ನಡೆಯಿರಿ. ಅಂಗಡಿ ಮುಂದೆ, ಮೆಟ್ಟಿಲ ಮೇಲೆ, ರಸ್ತೆಯ ತಿರುವಿನಲ್ಲಿ ಎಲ್ಲ ಕಡೆ ತೆಂಗಿನ ಗರಿಯ ಸಣ್ಣ ತಟ್ಟೆಯಲ್ಲಿ ಹೂವು, ಅಕ್ಕಿ, ಊದುಬತ್ತಿ ಇಟ್ಟಿರುತ್ತಾರೆ. ಒಂದು ಗುಂಪಿನ ಹುಡುಗರು, ನಮ್ಮ ದೇಶದವರೇ, ರೀಲ್ಸ್ ಮಾಡುತ್ತಾ ಅದನ್ನು ಒದ್ದುಕೊಂಡು ಹೋದದ್ದನ್ನು ನೋಡಿದೆ. ಅಂಗಡಿಯ ಹುಡುಗಿ ಏನೂ ಅನ್ನದೆ ಬಂದು ಹೂವು ಆರಿಸಿ ಮತ್ತೆ ಜೋಡಿಸಿದಳು. ನಮ್ಮವರಿಗೆ ಇದನ್ನು ಹೇಳಿಕೊಡಬೇಕಾ?

ದುಡ್ಡು ಬದಲಾಯಿಸುವುದು ಬ್ಯಾಂಕಿನಲ್ಲಿ, ಇಲ್ಲವೇ ಲೈಸೆನ್ಸ್ ಇರುವ ದೊಡ್ಡ ಅಂಗಡಿಯಲ್ಲಿ. ಸಂದಿಯಲ್ಲಿ ಬೋರ್ಡು ಹಾಕಿಕೊಂಡು ಜಾಸ್ತಿ ರೇಟು ಕೊಡುತ್ತೇವೆ ಅನ್ನುವವರು ಸಣ್ಣ ನೋಟುಗಳನ್ನು ರಾಶಿ ಹಾಕಿ ಎಣಿಸುತ್ತಾ, ಕೈಚಳಕದಲ್ಲಿ ಕೆಲವನ್ನು ಮೇಜಿನ ಹಿಂದೆ ಬೀಳಿಸುತ್ತಾರೆ. ಕೊನೆಯ ಸಲ ಎಣಿಸಿದವರು ನೀವೇ ಆಗಿರಬೇಕು. ಬಾಲಿಯ ಪಕ್ಕದ ನುಸಾ ಪೆನಿದಾ ದ್ವೀಪಕ್ಕೆ ಹೋಗುವವರಿಗೆ ಇಷ್ಟೇ, ಕಡಿದಾದ ಬಂಡೆಯ ಕೆಳಗಿರುವ ಕೆಲಿಂಗ್‌ಕಿಂಗ್ ಬೀಚನ್ನು ಮೇಲಿಂದ ನೋಡಿ ವಾಪಸ್ ಬನ್ನಿ, ಮೊಣಕಾಲು ಗಟ್ಟಿ ಇಲ್ಲದವರು ಅಲ್ಲಿಗೆ ಮೆಟ್ಟಿಲು ಇಳಿಯುವ ಯೋಚನೆಯನ್ನೇ ಮಾಡಬೇಡಿ.

ಇನ್ನೊಂದು, ಇದು ನಮ್ಮವರಿಗೇ ಮುಖ್ಯ. ಯುಗಾದಿಗೆ ರಜೆ ಸೇರಿಸಿಕೊಂಡು ಹೋಗೋಣ ಅಂತ ತುಂಬಾ ಜನ ಟಿಕೆಟ್ ನೋಡುತ್ತಾರೆ. ಅವರದ್ದೂ ಶಕ ವರ್ಷವೇ, ಅವರ ಹೊಸ ವರ್ಷವಾದ ನ್ಯೆಪಿ ನಮ್ಮ ಯುಗಾದಿಯ ಆಜುಬಾಜಿನಲ್ಲೇ ಬರುತ್ತದೆ. 2025ರಲ್ಲಿ ಒಂದು ದಿನ ಮುಂಚೆ ಬಂತು, 2026ರಲ್ಲಿ ಎರಡೂ ಮಾರ್ಚ್ 19ಕ್ಕೇ. ಅದು ಮೌನದ ದಿನ, ನ್ಯೆಪಿಯ ಬೆಳಗಿನಿಂದ ಮರುದಿನ ಬೆಳಗಿನವರೆಗೆ ಇಡೀ ದ್ವೀಪ ಬಂದ್. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಪ್ರವಾಸಿಗಳೂ ರಸ್ತೆಗೆ ಇಳಿಯುವ ಹಾಗಿಲ್ಲ, ಬೀಚಿಗೂ ಇಲ್ಲ, ರಾತ್ರಿ ಹೊರಗೆ ಬೆಳಕು ಕಾಣಬಾರದು. 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಿದ್ದಾರೆ. ಚೌಕುಳಿ ಪಂಚೆ ಉಟ್ಟ ಪೆಚಲಾಂಗ್ ಅನ್ನುವ ಊರ ಕಾವಲಿನವರು ಬೀದಿಬೀದಿ ಸುತ್ತುತ್ತಿರುತ್ತಾರೆ. ಆ ದಿನ ಅಲ್ಲೇ ಇರುವುದಾದರೆ ಹಿಂದಿನ ಸಂಜೆ ಬೀದಿಯಲ್ಲಿ ದೊಡ್ಡ ದೊಡ್ಡ ಭೂತದ ಗೊಂಬೆಗಳ ಮೆರವಣಿಗೆ ನೋಡಲು ಸಿಗುತ್ತದೆ, ಅದು ಬಿಡಬಾರದ್ದು. ಆದರೆ ಮರುದಿನದ ಊಟದ ವ್ಯವಸ್ಥೆ ಇರುವ ಮನೆಯಲ್ಲೋ ಹೋಟೆಲಿನಲ್ಲೋ ರೂಮು ಮಾಡಿ, ಮಾತ್ರೆ, ಬಿಸ್ಕತ್ತು, ನೀರು ಎರಡು ದಿನ ಮುಂಚೆಯೇ ತಂದಿಟ್ಟುಕೊಳ್ಳಿ, ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೇ ಅಂಗಡಿ ಮುಚ್ಚಲು ಶುರು ಮಾಡುತ್ತಾರೆ.